ರವೆಯ ಹುಳ ಎಲ್ಲಿಂದ ಬಂತು

ಉಪ್ಪಿಟ್ಟಿಗೆಂದು ಡಬ್ಬಿಗೆ ಕೈ ಹಾಕಿದಾಗ ರವೆ ಉದುರುದುರಾಗಿ ಬರಲಿಲ್ಲ. ಜೇಡರ ಬಲೆಯಂಥ ಎಳೆಗೆ ಅಂಟಿಕೊಂಡು ಗೊಂಚಲಾಗಿ ಮೇಲೆದ್ದಿತು. ಒಳಗೆ ಕಂದು ತಲೆಯ, ಕೆನೆಬಣ್ಣದ ಹುಳವೊಂದು ಹೊರಳುತ್ತಿತ್ತು. ಅಕ್ಕಿಗೆ ಬೀಳುವ ಕರಿ ನುಸಿ ನನಗೆ ಗೊತ್ತು. ಬಿಸಿಲಿಗೆ ಹರವಿದರೆ ತಾವೇ ಓಡಿಹೋಗುತ್ತವೆ. ಇದು ಆ ಜಾತಿಯದಲ್ಲ. ಕೆಲವು ದಿನಗಳಿಂದ ಅಡುಗೆಮನೆಯ ಚಾವಣಿಗೆ ಅಂಟಿ ಕೂರುತ್ತಿದ್ದ, ರೆಕ್ಕೆಯ ಅರ್ಧ ಬೂದಿ, ಅರ್ಧ ತಾಮ್ರದ ಬಣ್ಣವಿದ್ದ ಸಣ್ಣ ಪತಂಗಗಳಿಗೂ ಈ ಹುಳಕ್ಕೂ ನಂಟಿದೆ ಎಂಬುದು ಆಗ ಹೊಳೆಯಿತು.

ಬೆಟಗೇರಿಯ ಮನೆಯಲ್ಲಿ ನಾವು ಮೂವರೇ: ನಾನು, ನನ್ನ ಗಂಡ, ಅತ್ತೆ. ಮಾವ ತೀರಿಕೊಂಡು ವರ್ಷ ಕಳೆದಿತ್ತು. ಅತ್ತೆ ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ನನ್ನ ಮುಖ ನೋಡದೆ ಹೇಳಿದರು:

"ಡೋಣಿಯಿಂದ ನವಣಿ ಬಂದ ಮ್ಯಾಲೇ ಶುರುವಾಗೇತಿ ಇದು."

ಡೋಣಿ ನನ್ನ ತವರು. ನವಣೆ ಕಳಿಸಿದವಳು ನನ್ನ ಅವ್ವ. ನನಗೆ ಒಳಗೇ ಉರಿಯಿತು. ಅತ್ತೆ ತಾವೇ ಆರಿಸಿ ತರುವ ಅಂಗಡಿಯ ಬಿಡಿ ರವೆಯ ಮೇಲೆಯೇ ನನಗೆ ಅನುಮಾನ. ಎರಡು ಗಾಜಿನ ಬಾಟಲಿ ತೊಳೆದು ಒಣಗಿಸಿ, ಒಂದರಲ್ಲಿ ನವಣೆ, ಇನ್ನೊಂದರಲ್ಲಿ ಹುಳ ಆರಿಸಿ ತೆಗೆದ ಅದೇ ರವೆ ಹಾಕಿ, ಬಾಯಿಗೆ ಬಿಳಿ ಬಟ್ಟೆ ಬಿಗಿದು ಹಿತ್ತಿಲ ಕೋಣೆಯಲ್ಲಿಟ್ಟೆ. ಯಾರಿಗೂ ಹೇಳಲಿಲ್ಲ. ಕೆಲವು ವಾರಗಳಲ್ಲಿ ರವೆಯ ಬಾಟಲಿಯೊಳಗೆ ಪತಂಗ ಹಾರಾಡತೊಡಗಿತು. ನವಣೆ ಹಾಕಿದಂತೆಯೇ ಇತ್ತು. ಬಾಟಲಿಗಳನ್ನು ಅತ್ತೆಯ ಮುಂದಿಟ್ಟೆ. ಅವರು ನೋಡಿ, ಹೂಂ ಎಂದಷ್ಟೇ ಹೇಳಿ ಎದ್ದುಹೋದರು.

ಅಷ್ಟರಲ್ಲಿ ನಾನು ಅಡುಗೆಮನೆಯನ್ನು ಬುಡಮೇಲು ಮಾಡಿದ್ದೆ. ಹುಳ ಕಂಡ ರವೆ, ಕಡಲೆಹಿಟ್ಟು, ಶೇಂಗಾ ಎಲ್ಲವನ್ನೂ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಮನೆಯಿಂದ ಆಚೆ ಹಾಕಿದೆ. ಡಬ್ಬಿಗಳನ್ನು ಬಿಸಿನೀರು, ಸಾಬೂನಿನಲ್ಲಿ ತಿಕ್ಕಿ ಮಾಳಿಗೆಯ ಬಿಸಿಲಿಗಿಟ್ಟೆ. ಹುಳಗಳು ಗೂಡು ಕಟ್ಟಲು ಕಾಳು ಬಿಟ್ಟು ಗೋಡೆ ಹತ್ತುತ್ತವೆಂದು ಕಣ್ಣಾರೆ ಕಂಡಿದ್ದರಿಂದ, ಡಬ್ಬಿ ಇಡುವ ಫಳಿಗಳ ಸಂದು, ಮುಚ್ಚಳದ ಅಂಚು, ಮೊಳೆಯ ತೂತು ಒಂದನ್ನೂ ಬಿಡದೆ ಕಸಬರಿಗೆ ಕಡ್ಡಿಯಿಂದ ಕೆದರಿದೆ. ಬೇವಿನೆಲೆಯನ್ನೂ ಇಟ್ಟು ನೋಡಿದೆ. ಒಂದು ಪತಂಗ ಅದರ ಮೇಲೆಯೇ ಕೂತಿತ್ತು.

ಇಷ್ಟಾದ ಮೇಲೂ ಅವು ಬರುತ್ತಲೇ ಇದ್ದವು. ಹಾಗಿದ್ದರೆ ಮೂಲ ಅಡುಗೆಮನೆಯಲ್ಲಿಲ್ಲ.

ನಾನು ಕಾಯತೊಡಗಿದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಪತಂಗಗಳು ಅತ್ತೆಯ ಕೋಣೆಯ ಕಡೆಯಿಂದ ಬರುತ್ತಿದ್ದವು. ಅವರೋ, ಈಚೆಗೆ ಆ ಬಾಗಿಲು ಮುಚ್ಚಿಕೊಂಡೇ ಇರುತ್ತಿದ್ದರು. ಕಸ ಗುಡಿಸಲು ಹೋದರೆ, ನಾನೇ ಗುಡಿಸಿಕೊಳ್ಳುತ್ತೇನೆ ಎನ್ನುವರು. ಅಲ್ಲಿನ ಕಪಾಟಿನ ಕೀಲಿಕೈ ಸದಾ ಸೊಂಟದಲ್ಲಿ. ಅವರಿಗೆ ಸಕ್ಕರೆ ಕಾಯಿಲೆ. ಲಕ್ಷ್ಮೇಶ್ವರದಲ್ಲಿರುವ ಅವರ ತಂಗಿ ಬಂದಾಗಲೆಲ್ಲ ಸಿಹಿ ಉಂಡಿ ತರುತ್ತಾಳೆ, ಡಾಕ್ಟರು ಬೇಡವೆಂದ ಮೇಲೂ. ಉಂಡಿ ಬಚ್ಚಿಟ್ಟುಕೊಂಡು ತಿನ್ನುತ್ತಿದ್ದಾರೆಂದು ನನಗೆ ಖಾತ್ರಿಯಾಯಿತು. ಗಂಡನಿಗೆ ಹೇಳಿದೆ. ಅವರು ಮೊದಲು ನಕ್ಕರು. ಆಮೇಲೆ ಊಟಕ್ಕೆ ಕೂತಾಗ ಅವರೂ ತಾಯಿಯ ಬಾಯಿ, ಕೈ ಗಮನಿಸುವುದು ಕಂಡಿತು.

ಒಂದು ಮಧ್ಯಾಹ್ನ ಅತ್ತೆಗೆ ಚಹಾ ಕೊಡಲು ಹೋದೆ. ಕಪಾಟಿನ ಬಾಗಿಲ ಸಂದಿನಿಂದ ಹುಳವೊಂದು ಹೊರಬಂದು ಮೇಲಕ್ಕೆ ಹತ್ತುತ್ತಿತ್ತು. ನಾನು ನೋಡಿದ್ದನ್ನು ಅವರೂ ನೋಡಿದರು. ಬಟ್ಟಲು ಕೆಳಗಿಟ್ಟು ಹೇಳಿದೆ:

"ಅತ್ತಿ, ಕಪಾಟ ತಗೀರಿ. ಉಂಡಿ ಇದ್ರೂ ನಾ ಏನೂ ಅನ್ನೂದಿಲ್ಲ."

"ಉಂಡಿ?" ಎಂದರು. ನಾನು ಏನೆಂದುಕೊಂಡಿದ್ದೆ ಎಂಬುದು ಅವರಿಗೆ ಆಗಲೇ ತಿಳಿದದ್ದು. ಕೀಲಿ ತೆಗೆದರು.

ಮಡಿಸಿದ ಸೀರೆಗಳ ಅಡಿಯಲ್ಲಿ ಹೊಲಿಯದ ಕುಪ್ಪಸದ ಹಸಿರು ಖಣದ ಗಂಟೊಂದಿತ್ತು. ಮೇಲೆಲ್ಲ ಬಿಳಿ ಎಳೆ. ಮುಟ್ಟಿದರೆ ಒಳಗೆ ಮಿಸುಕಾಟ. ಬಿಚ್ಚಿದಾಗ ಎರಡು ಪತಂಗ ಹಾರಿದವು. ಅಕ್ಕಿ, ಪುಡಿಪುಡಿಯಾದ ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಕೊಂಬು. ಅದು ಉಡಿ. ಮುತ್ತೈದೆಯರ ಮಡಿಲಿಗೆ ತುಂಬುವ ಉಡಿಯ ಅಕ್ಕಿಯನ್ನು ಮನೆಗೆ ತಂದು ಅಡುಗೆ ಮಾಡಿ ಉಣ್ಣುತ್ತಾರೆ. ಯಾರೂ ಹೀಗೆ ಇಡುವುದಿಲ್ಲ.

ಮಾವ ಇದ್ದಾಗ ಗಂಡ ಹೆಂಡತಿ ಇಬ್ಬರೂ ಲಕ್ಷ್ಮೇಶ್ವರಕ್ಕೆ ಹೋಗಿದ್ದರು. ಬರುವಾಗ ತಂಗಿ ಉಡಿ ತುಂಬಿದ್ದಳು. ಗಂಟು ಬಿಚ್ಚುವ ಮೊದಲೇ ಮಾವ ಹಾಸಿಗೆ ಹಿಡಿದರು, ಮತ್ತೆ ಏಳಲಿಲ್ಲ. ಇದನ್ನೆಲ್ಲ ಅತ್ತೆ ಗೋಡೆ ನೋಡುತ್ತ ಹೇಳಿದರು. ಹುಳ ಇಲ್ಲಿಂದಲೇ ಬಂದಿರಬಹುದೆಂದು ಅವರಿಗೂ ಅನುಮಾನ ಇತ್ತಂತೆ. ಅದಕ್ಕೇ ನವಣೆಯ ಮಾತು ಎತ್ತಿದ್ದು.

"ಇನ್ನ ಮ್ಯಾಲೆ ನನಗ ಯಾರ ಉಡಿ ತುಂಬತಾರವಾ? ಇದ ಕಡೀದು ಅಂತ ಇಟ್ಟಿದ್ದೆ."

ಅವರ ಬಾಯಿಯ ಮೇಲೆ ಕಣ್ಣಿಟ್ಟಿದ್ದಕ್ಕೆ ನನಗೆ ನಾಚಿಕೆಯಾಯಿತು. ನಾನೇ ತುಂಬುತ್ತೇನೆ ಎಂದೆ. ಅವರು ಬೇಡವೆಂದು ತಲೆಯಾಡಿಸಿದರು. ಓಣಿಯ ಮಂದಿಗೆ ತಿಳಿದರೆ ನಿನಗೇ ಮಾತು ಬರುತ್ತದೆ ಎಂದರು.

ಇಬ್ಬರೂ ಕೂಡಿ ಕಪಾಟು ಖಾಲಿ ಮಾಡಿದೆವು. ಹಾಳಾದ ಅಕ್ಕಿಯನ್ನು ಅವರೇ ಚೀಲಕ್ಕೆ ಸುರಿದು ಬಾಯಿ ಕಟ್ಟಿದರು. ಸೀರೆಗಳನ್ನು ಮಾಳಿಗೆಯಲ್ಲಿ ಒಂದೊಂದಾಗಿ ಕೊಡವಿ ಬಿಸಿಲಿಗೆ ಹಾಕಿದೆವು. ಕಪಾಟಿನ ಬಾಗಿಲ ತಿರುಗಣಿಯ ಸಂದಿನಲ್ಲಿ ರೇಷ್ಮೆಯಂಥ ಗೂಡುಗಳು ಸಿಕ್ಕವು. ಅವನ್ನು ಕೆದರಿ ತೆಗೆದು ಬಿಸಿನೀರಲ್ಲಿ ಒರೆಸಿದೆವು. ಆಮೇಲೆ ಒಂದೆರಡು ಪತಂಗ ಅಲ್ಲಿಲ್ಲಿ ಕಂಡು, ಕ್ರಮೇಣ ನಿಂತುಹೋದವು. ಈಗ ರವೆ, ಹಿಟ್ಟು ತಂದರೆ ಮೊದಲು ಕೆಲವು ದಿನ ಫ್ರಿಜ್ಜಿನ ಬರ್ಫದ ಖಾನೆಯಲ್ಲಿಡುತ್ತೇವೆ, ಹುಳದ ತತ್ತಿ ಇದ್ದರೂ ಸಾಯಲಿ ಎಂದು. ಬೇಕಾದಷ್ಟೇ ತರುತ್ತೇವೆ, ಬಿಗಿ ಮುಚ್ಚಳದ ಡಬ್ಬಿಗೇ ಹಾಕುತ್ತೇವೆ. ಹೊಸ ಚೀಲ ಯಾವ ಊರಿನಿಂದ ಬಂದರೂ ಇಬ್ಬರೂ ಇಣುಕಿ ನೋಡುತ್ತೇವೆ.

ಖಣವನ್ನು ಮಾತ್ರ ಅತ್ತೆ ಎಸೆಯಲು ಬಿಡಲಿಲ್ಲ. ಕುದಿಯುವ ನೀರಲ್ಲಿ ಅದ್ದಿ ಒಣಗಿಸಿದರು. ಹುಳ ಕೊರೆದ ಸಣ್ಣ ತೂತುಗಳಿದ್ದವು. ಓಣಿಯಲ್ಲಿ ಕುಪ್ಪಸ ಹೊಲಿಯುವ ಹೆಂಗಸು ಅದನ್ನು ಬಿಡಿಸಿ ನೋಡಿ ತೂತು ಬಿದ್ದಿವೆ ಎಂದಾಗ ಅತ್ತೆ ಹೇಳಿದರು:

"ತೂತು ಬಗಲಾಗ ಬರೂಹಂಗ ಕತ್ತರಿಸವಾ."

ಆ ಕುಪ್ಪಸ ತೊಟ್ಟು ಅವರು ತಂಗಿಯ ಮನೆಗೆ ಹೋಗಿಬಂದರು. ತಂಗಿಗೆ ಬಟ್ಟೆಯ ಗುರುತು ಸಿಕ್ಕಿತೇ ಎಂದು ಕೇಳಿದೆ. ಸಿಕ್ಕಿತು, ಇಷ್ಟು ದಿನ ಯಾಕೆ ಹೊಲಿಸಲಿಲ್ಲ ಎಂದು ಬೈದಳು ಅಂದರು.