ಒಂದರಿಂದ ಹೊರಡುವ ಅಂಪೈರ್

ಕ್ಲಾಟೆನ್ ಪಟ್ಟಣದ ಕಡೆಯ ಆ ಹಳ್ಳಿಯಲ್ಲಿ ಮೂವತ್ತು ವರ್ಷ ಬ್ಯಾಡ್ಮಿಂಟನ್ ಅಂಪೈರ್ ಕುರ್ಚಿ, ಊರವರು ಗೌರವದಿಂದ 'ಪಕ್' ಎನ್ನುವ ಕರ್ಸಿದಿಯದೇ. ಅವನು ಸ್ಕೋರ್ ಕೂಗಿದರೆ ಮೂರು ಗಲ್ಲಿಯಾಚೆ ಸೋಯಾಕಾಳಿನ ಟೆಂಪೆ ಬಿಲ್ಲೆ ಕರಿಯುತ್ತಿದ್ದ ಹೆಂಡತಿ ತುಮಿನಾಗೆ ಕೇಳಿಸುತ್ತಿತ್ತು. ಅಂಥವನಿಗೆ ಲಕ್ವ ಹೊಡೆದದ್ದೇ ತಡ, ಮಾತು ಅರ್ಧ ಹೋಯಿತು, ಅಂಕಿಗಳಂತೂ ಪೂರ್ತಿ! ಹೆಂಡತಿಯ ಹೆಸರು ಬಾಯಿಗೆ ಬಂತು, "ಏಳು" ಬರಲಿಲ್ಲ.

ಮಾತಿನ ಚಿಕಿತ್ಸೆ ಕೊಡುವ ರೆತ್ನೋ ಟ್ಯಾಬ್‌ನಲ್ಲಿ ಒಂದು ಆಟ ಹಾಕಿಕೊಟ್ಟಳು. ಸಾಲಾಗಿ ಇಪ್ಪತ್ತೊಂದು ಕಲ್ಲು, ಬ್ಯಾಡ್ಮಿಂಟನ್ ಗೆಲ್ಲಲು ಎಷ್ಟು ಪಾಯಿಂಟ್ ಬೇಕೋ ಅಷ್ಟು. ಕೇಳಿದ ಅಂಕಿಯ ಕಲ್ಲಿಗೆ ಕಪ್ಪೆಯನ್ನು ಹಾರಿಸಬೇಕು, ತಪ್ಪಿದರೆ ಅದು ನೀರಿಗೆ. ಮೊದಲ ತಿಂಗಳು ಕಪ್ಪೆ ನೀರಲ್ಲೇ ಸಂಸಾರ ಹೂಡಿತ್ತು.

"ನಿಮ್ಮ ಕಪ್ಪೆಗೆ ನೆಗಡಿ ಆಗತ್ತೆ ಕಣ್ರೀ," ಎಂದು ತುಮಿನಾ ಛೇಡಿಸಿದಳು.

ಅವನು ನಕ್ಕ, ಆಮೇಲೆ ಅತ್ತ, ಮತ್ತೆ ಆಡಿದ. ಎಂಟು ತಿಂಗಳಲ್ಲಿ ಕಪ್ಪೆ ಕಲ್ಲು ತಪ್ಪದಾಯಿತು. ಆದರೆ ಅಂಕಿಯನ್ನು ಬಾಯಲ್ಲಿ ಹೇಳಬೇಕೆಂದರೆ ಒಂದರಿಂದಲೇ ಹೊರಟು, ಎರಡು, ಮೂರು ದಾಟಿ, ಏಳಕ್ಕೆ ಬಂದು ನಿಲ್ಲಬೇಕಿತ್ತು.

ಆಗಸ್ಟ್ ಪಂದ್ಯಾವಳಿ ಬಂತು. ಅವನಿಗೆ ಆ ಕುರ್ಚಿ ಬೇಕೇ ಬೇಕು. ಸಮಿತಿಯ ಹಿರಿಯ ದರ್ಮಾಜಿ ತಲೆ ಕೆರೆದುಕೊಂಡ.

"ಅಲ್ಲ ತುಮಿನಾ, ಪ್ರತಿ ಪಾಯಿಂಟಿಗೂ ಒಂದರಿಂದ ಎಣಿಸಿದ್ರೆ ಆಟ ಮುಗಿಯೋದ್ಯಾವಾಗ? ಫೈನಲ್‌ಗೆ ಕೂರಿಸ್ತೀನಿ. ಜನ ಗಲಾಟೆ ಮಾಡಿದ್ರೆ ಇಳಿಸ್ತೀನಿ, ಬೇಜಾರ್ ಮಾಡ್ಕೋಬೇಡ."

ಎಂಟನೇ ಪಾಯಿಂಟಿಗೇ ಯಾರೋ ಕೂಗಿದರು: "ಬೇಗ ಹೇಳಿ ಪಕ್, ಮನೇಲಿ ಅನ್ನ ಆರೋಗತ್ತೆ!" ಜನ ಗೊಳ್ಳೆಂದರು. ಕುರ್ಚಿಯಿಂದ ಇಳಿಸಲು ದರ್ಮಾಜಿ ಎದ್ದುನಿಂತ.

ಸರ್ವ್ ಮಾಡಬೇಕಿದ್ದ ಹುಡುಗ ಜನರತ್ತ ತಿರುಗಿದ. "ಸುಮ್ನಿರ್ರೋ! ಅಂಪೈರ್ ಎಣಿಸ್ತಿದಾರೆ."

ದರ್ಮಾಜಿ ಮತ್ತೆ ಕೂತ. ಆಮೇಲೆ ಒಬ್ಬರೂ ಉಸಿರೆತ್ತಲಿಲ್ಲ. ಕರ್ಸಿದಿಯ ಬೆರಳು ಮೊಣಕಾಲಿನ ಮೇಲೆ ಕಪ್ಪೆಯಂತೆ ಹಾರುತ್ತ ಹೋಗುವುದು, ತುಟಿ ಅದರ ಹಿಂದೆಯೇ ಹೋಗುವುದು. ಹನ್ನೆರಡಕ್ಕೂ ಒಂದರಿಂದ, ಹದಿನೆಂಟಕ್ಕೂ ಒಂದರಿಂದ. ಇಡೀ ಊರು ಕಾಯಿತು. ಎಂಥ ಜನವಪ್ಪಾ ಎಂದುಕೊಂಡಳು ತುಮಿನಾ.

ಸ್ಕೋರ್ ಇಪ್ಪತ್ತು-ಹತ್ತೊಂಬತ್ತಕ್ಕೆ ಬಂತು. ಕೊನೆಯ ಹೊಡೆತ ಗೆರೆಯೊಳಗೆ ಬಿತ್ತು. ಗೆದ್ದ ಹುಡುಗನೂ ಕುಣಿಯದೆ ಕುರ್ಚಿಯತ್ತ ನೋಡುತ್ತ ನಿಂತ. ಎಲ್ಲರೂ ಉದ್ದನೆಯ ಎಣಿಕೆಗೆ ಸಜ್ಜಾದರು. ತುಮಿನಾ ಮನಸ್ಸಿನಲ್ಲೇ ಗಂಡನ ಜೊತೆ ಹೊರಟಳು. ಒಂದು, ಎರಡು...

"ಇಪ್ಪತ್ತೊಂದು!"

ಮೂರು ಗಲ್ಲಿಯಾಚೆಗೂ ಕೇಳಿಸುವಂಥ ಅದೇ ಹಳೆಯ ಗಂಟಲು. ತುಮಿನಾ ಇನ್ನೂ ಮೂರನ್ನೂ ಮುಟ್ಟಿರಲಿಲ್ಲ.