ಹೊಸ್ತಿಲ ಹುಣ್ಣಿಮೆಯ ಊಟದ ಡಬ್ಬಿ

ಚಳಿಗಾಲ ಬಂತೆಂದರೆ ಬೂದಿಕೋಟೆ ಕಡೆಯ ಹೆಂಗಸೊಬ್ಬಳು ಅವರೆಕಾಯಿ ಬುಟ್ಟಿ ಹೊತ್ತು ಬಂಗಾರಪೇಟೆಯ ನನ್ನ ಮನೆಗೆ ಬರುತ್ತಾಳೆ. ಇಂದು ಬೆಳಿಗ್ಗೆಯೂ ಬಂದಳು. ಇಬ್ಬನಿಯಲ್ಲಿ ನೆಂದ ಸೊಗಡಿನ ಕಾಯಿಯನ್ನು ಮೊರಕ್ಕೆ ಸುರಿದಳು. ಬಿಡಿಸಲು ಕೂತರೆ ಆ ಸೊಗಡು ಬೆರಳಿಗೆ ಎಣ್ಣೆಯಂತೆ ಅಂಟುತ್ತದೆ. ಸೋಪು ಹಾಕಿ ತೊಳೆದರೂ ಸಂಜೆಯವರೆಗೆ ಹೋಗುವುದಿಲ್ಲ. ನಮ್ಮ ಸೀಮೆಯವರಿಗೆಲ್ಲ ಆ ವಾಸನೆ ಬಂದರೆ ಬಾಯಲ್ಲಿ ನೀರು. ನನಗೆ ಮಾತ್ರ ಆಸ್ಪತ್ರೆಯ ವರಾಂಡ, ಮುಚ್ಚಳ ತೆಗೆದ ಊಟದ ಡಬ್ಬಿ, ಅರಿಶಿನ ಮೆತ್ತಿದ ಎರಡು ಕೈ...

ಆ ಕೈಗಳು ಪಕ್ಕದ ಮನೆಯ ಅಕ್ಕನವು.

ಆಗ ನಾವು ಚಿನ್ನದ ಗಣಿಯ ಊರಿನಲ್ಲಿ, ಮಾರಿಕುಪ್ಪಂ ಸ್ಟೇಷನ್ನಿಗೆ ಹತ್ತಿರದ ಒಂದು ಲೈನಿನಲ್ಲಿದ್ದೆವು. ಲೈನು ಎಂದರೆ ಗಣಿ ಕೆಲಸಗಾರರಿಗಾಗಿ ಸಾಲಾಗಿ ಕಟ್ಟಿದ ಪುಟ್ಟ ಮನೆಗಳು. ತಗಡಿನ ಮಾಡು, ಎರಡು ಮನೆಗಳ ನಡುವೆ ಬಿದಿರುತಟ್ಟಿಯ ಗೋಡೆ. ಆಚೆ ಮನೆಯಲ್ಲಿ ಸೀನಿದರೆ ಈಚೆ ಮನೆಯಲ್ಲಿ ಕೇಳಿಸುತ್ತಿತ್ತು. ಅಪ್ಪ ನೆಲದ ಮೇಲಿನ ವರ್ಕ್‌ಶಾಪಿನಲ್ಲಿದ್ದರು. ನಾನು ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಕಲಿಯುತ್ತಿದ್ದೆ. ಗಂಟೆ ಹೊಡೆದರೆ ಏಳುವುದು, ಗಂಟೆ ಹೊಡೆದರೆ ಉಣ್ಣುವುದು, ಹಾಸಿಗೆಯ ಮೂಲೆಯನ್ನು ಅಳತೆ ಹಿಡಿದಂತೆ ಮಡಚುವುದು. ಆ ಶಿಸ್ತು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಅಕ್ಕನ ಗಂಡನನ್ನು ನಾನು ಬಾವ ಎನ್ನುತ್ತಿದ್ದೆ. ಅವರು ನೆಲದಡಿ ಇಳಿಯುವ ಆಳು. ಅವರ ಮದುವೆಯಾದ ಹೊಸತರಲ್ಲಿ, ಒಂದು ಹುಣ್ಣಿಮೆಯ ಸಂಜೆ ಕೆಳಗೆಲ್ಲೋ ಬಂಡೆ ಸಿಡಿದು ಲೈನಿನ ಪಾತ್ರೆಪಗಡಗಳೆಲ್ಲ ಅದುರಿದವು. ಆಳುಗಳನ್ನು ಮೇಲೆ ತರುವ ಕೇಜು ಬರಲಿಲ್ಲ. ಹೆಂಗಸರೆಲ್ಲ ಗಣಿಗಿಳಿಯುವ ಶಾಫ್ಟಿನ ಕಡೆ ಓಡಿದರು. ಅಕ್ಕ ಓಡಲಿಲ್ಲ. ಚಿನ್ನ ತೆಗೆದು ಸುರಿದ ಸೈನೈಡ್ ಮಣ್ಣಿನ ದಿಬ್ಬದ ಹಿಂದಿನಿಂದ ಏಳುತ್ತಿದ್ದ ಚಂದ್ರನ ಎದುರು ಸೆರಗೊಡ್ಡಿ ನಿಂತು ಹರಕೆ ಹೊತ್ತಳು: ಗಂಡ ಕೆಳಗೆ ಇಳಿಯುವಷ್ಟು ಕಾಲ, ಪ್ರತಿ ಹುಣ್ಣಿಮೆಯೂ ಚಂದ್ರನನ್ನು ಕಾಣುವ ತನಕ ತೊಟ್ಟು ನೀರೂ ಮುಟ್ಟುವುದಿಲ್ಲ. ಬಾವ ಆ ದಿನ ಮೈಯೆಲ್ಲ ಧೂಳಾಗಿ, ಆದರೆ ಗಾಯವಿಲ್ಲದೆ ಮನೆಗೆ ಬಂದರು. ಹರಕೆ ಗಟ್ಟಿಯಾಯಿತು.

ವರ್ಷದ ಹುಣ್ಣಿಮೆಗಳನ್ನೆಲ್ಲ ನಾನು ಕಲಿತದ್ದು ಅಕ್ಕನಿಂದ. ಕಾರ ಹುಣ್ಣಿಮೆಗೆ ಲೈನಿನಲ್ಲಿ ಎತ್ತುಗಳೆಲ್ಲಿ ಬರಬೇಕು? ತವರಿನ ಹೊಲ ನೆನೆದು ಮಣ್ಣಿನಲ್ಲಿ ಜೋಡೆತ್ತು ಮಾಡಿ ಒಲೆಯ ಪಕ್ಕದಲ್ಲಿ ಪೂಜಿಸುತ್ತಿದ್ದಳು. ನೂಲು ಹುಣ್ಣಿಮೆಗೆ ಬಾವನ ಕೈಗೆ ಅರಿಶಿನದ ದಾರ. ಅನಂತನ ಹುಣ್ಣಿಮೆ, ಸೀಗೆ ಹುಣ್ಣಿಮೆ, ಗೌರಿ ಹುಣ್ಣಿಮೆ ದಾಟಿ ಮಾರ್ಗಶಿರಕ್ಕೆ ಹೊಸ್ತಿಲ ಹುಣ್ಣಿಮೆ. ನಮ್ಮ ಲೈನುಮನೆಗಳಿಗೆ ಮರದ ಹೊಸ್ತಿಲೇ ಇರಲಿಲ್ಲ, ಬರೀ ಸಿಮೆಂಟಿನ ಅಂಚು. ಅದನ್ನೇ ತೊಳೆದು, ಅರಿಶಿನ ಬಳಿದು, ಕುಂಕುಮ ಇಟ್ಟು, ಹೂವೇರಿಸಿ, ಗಂಡ ಅದನ್ನು ದಾಟಿ ಒಳಬರುವುದನ್ನು ಕಾಯುತ್ತಿದ್ದಳು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆ, ಕಾಮನ ಹುಣ್ಣಿಮೆ... ಎದುರು ಮನೆಯ ತಮಿಳು ಅಜ್ಜಿ, ನಮಗೆಲ್ಲ ಪಾಟಿ, ಅವಳಿಗೂ ಅಕ್ಕನ ಮೇಲೆ ಅಕ್ಕರೆ. ಚೈತ್ರದ ಹುಣ್ಣಿಮೆಗೆ ಪಾಟಿ ಉಪ್ಪಿಲ್ಲದ ಅನ್ನ ಉಣ್ಣುವಳು. "ನಾನು ಉಪ್ಪು ಬಿಟ್ಟೆ, ನೀನು ಉಯಿರೇ, ಜೀವಾನೇ ಬಿಡ್ತೀಯಾ ಕಣ್ಣು?" ಎಂದು ಅಕ್ಕನನ್ನು ಚುಚ್ಚುವಳು.

ಅಕ್ಕನಿಗೆ ಮೊದಲ ಬಸಿರು ನಿಲ್ಲಲಿಲ್ಲ. ಎರಡನೆಯದು ನಿಂತ ವರ್ಷ, ನೂಲು ಹುಣ್ಣಿಮೆಯ ಮಧ್ಯಾಹ್ನ, ನಲ್ಲಿಯ ಸಾಲಿನಲ್ಲಿ ಕೊಡ ಹಿಡಿದು ನಿಂತಿದ್ದವಳು ಹಾಗೆಯೇ ಕುಸಿದಳು. ನಾನೇ ಎತ್ತಿಕೊಂಡು ಬಂದೆ. ಮುಖ ಸುಣ್ಣದಂತಿತ್ತು.

"ಇನ್ನು ಉಪವಾಸ ಸಾಕು ಅಕ್ಕ. ಮಗು ಉಳಿಯಬೇಕೋ ಬೇಡವೋ?" ಎಂದು ಗದರಿದೆ.

"ನೀನು ನರ್ಸಮ್ಮ, ನಿಂಗೆ ಮಗುದೇ ಗ್ಯಾನ. ಇಳಿಯೋನು ನನ್ ಗಂಡ. ಬ್ರತ ಬುಟ್ಟು ಅವ್ರಿಗೇನಾದ್ರೂ ಆದ್ರೆ?"

ಬಿಟ್ಟರೆ ಗಂಡ, ಬಿಡದಿದ್ದರೆ ಮಗು. ಅವಳಿಗೆ ಮೂರನೆಯ ದಾರಿ ಕಾಣುತ್ತಿರಲಿಲ್ಲ. ತಟ್ಟಿಯಾಚೆ ಅವಳ ಅಳು ಕೇಳುತ್ತಿತ್ತು. ಬಾವ ಮಾತಿನವರಲ್ಲ, ಸುಮ್ಮನೆ ಬೀಡಿ ಸೇದುತ್ತ ಕೂತಿರುತ್ತಿದ್ದರು. ಆ ವಾರದ ರಜೆಯ ದಿನ ಅವರು ರೈಲು ಹತ್ತಿ ಬಂಗಾರಪೇಟೆಗೆ ಹೋಗಿ, ಪುರೋಹಿತರೊಬ್ಬರನ್ನು ಕೇಳಿಕೊಂಡು ಬಂದರು. ಬಂದವರೇ ಬಾಗಿಲಲ್ಲಿ ನಿಂತು ಹೇಳಿದರು.

"ಬಸುರಿ ಉಪ್ಪಾಸ ಇರಬಾರ್ದಂತೆ. ಶಾಸ್ತ್ರದಾಗೇ ಐತಂತೆ. ಹೆರಿಗೆ ಆದ್ಮ್ಯಾಕೆ ಮತ್ತೆ ಇಡ್ಕಂಡ್ರಾಯ್ತಂತೆ."

"ನಿಜ್ವಾಗ್ಲೂ ಅಂದ್ರಾ? ನಡೀತದಂತಾ?"

"ನಡೀತದೆ ಅಂದ್ರು ಕಣೇ. ಇನ್ನೇನು, ಅವ್ರನ್ನ ರೈಲ್ನಾಗೆ ಕೂರಿಸ್ಕಂಡು ಬರ್ಬೇಕಿತ್ತಾ?"

ಅಕ್ಕ ನಕ್ಕಳು. ಬಹಳ ದಿನಗಳ ಮೇಲೆ ಅವಳ ನಗು ಕೇಳಿ ನಮ್ಮ ಅಮ್ಮನೂ ಈಚೆ ಕೂತು ನಕ್ಕರು.

ಆಮೇಲಿನ ಹುಣ್ಣಿಮೆಗಳಲ್ಲಿ ಅಕ್ಕ ಪೂಜೆ ಮಾಡಿದಳು, ಉಪವಾಸ ಬಿಟ್ಟಳು. ಮೈ ತುಂಬಿಕೊಂಡಳು. ಬಾವ ಮಾತ್ರ ಆ ದಿನಗಳಲ್ಲಿ ಅವಳು ತಮ್ಮ ಕಣ್ಣೆದುರೇ ಉಣ್ಣಬೇಕೆಂದು ಹಟ ಹಿಡಿಯುತ್ತಿದ್ದರು. ಹೊಸ್ತಿಲ ಹುಣ್ಣಿಮೆಯ ಬೆಳಿಗ್ಗೆಯೂ ಹಾಗೆಯೇ ಆಯಿತು. ನಾನು ಡ್ಯೂಟಿಗೆ ಹೊರಡಲು ಜಡೆ ಹಾಕಿಕೊಳ್ಳುತ್ತಿದ್ದೆ. ತಟ್ಟಿಯಾಚೆಯ ಮಾತು ಸ್ಪಷ್ಟವಾಗಿ ಕೇಳಿಸಿತು.

"ತಿನ್ನು. ನೋಡ್ಬುಟ್ಟು ಓಯ್ತೀನಿ."

"ಇನ್ನೂ ಬೆಳಕೇ ಅರ್ದಿಲ್ಲ. ಈಗ್ಲೇ ಉಣ್ಣಕ್ಕೆ ನಾನೇನು ಎಮ್ಮೆನಾ?"

"ಗಬ್ಬದ ಎಮ್ಮೆ ಎರಡು ಜೀವಕ್ಕೆ ಮೇಯ್ತದೆ. ನೀನೂ ಮೇಯಿ."

"ನೀವೂ ಒಂದು ತುತ್ತು ಉಂಡು ಓಗಿ."

"ಡಬ್ಬಿ ಕಟ್ಟಿದ್ಯಲ್ಲ, ಅಲ್ಲೇ ಉಣ್ತೀನಿ. ಏನಾಕಿದ್ದೀಯ?"

"ಇತ್ಕಿದ ಬ್ಯಾಳೆ ಸಾರು. ಸೊಗಡು ಕಾಯಿ. ಜೊತೆಗಾರ್ರಿಗೆ ಅಂಚಿ ನೀವು ಖಾಲಿ ಮುದ್ದೆ ತಿನ್ಬ್ಯಾಡಿ."

ಸೈರನ್ ಕೂಗಿತು. ಬಾವನ ಚಪ್ಪಲಿಯ ಸದ್ದು ಲೈನಿನ ತುದಿಯ ಕಡೆ ಹೋಯಿತು.

ಅವರನ್ನು ಆಸ್ಪತ್ರೆಗೆ ತಂದಾಗ ಮಧ್ಯಾಹ್ನದ ಊಟದ ಗಂಟೆ ಇನ್ನೂ ಹೊಡೆದಿರಲಿಲ್ಲ. ಕೆಳಗೆ ಏಣಿ ಹತ್ತುತ್ತಿದ್ದವರು ಕೈ ಬಿಟ್ಟು ಬಿದ್ದಿದ್ದರು. ಎದೆಗೆ, ತಲೆಗೆ ಪೆಟ್ಟು. ಅಕ್ಕನಿಗೆ ಹೇಳಿ ಕಳಿಸಿದೆವು. ಹೊಸ್ತಿಲಿಗೆ ಅರಿಶಿನ ಬಳಿಯುತ್ತಿದ್ದವಳು ಕೈ ತೊಳೆಯದೆ ಬಂದಿದ್ದಳು. ಬಸುರಿ ಹೆಂಗಸು, ಪಾಟಿಯ ಭುಜ ಹಿಡಿದು ಏದುಸಿರು ಬಿಡುತ್ತಿದ್ದಳು. ನಾನು ಅವಳನ್ನು ಹಾಸಿಗೆಯ ಹತ್ತಿರ ಕರೆದೊಯ್ದೆ. ಬಾವನಿಗೆ ಜ್ಞಾನವಿತ್ತು. ಅವಳನ್ನು ಗುರುತಿಸಿದರು. ತುಟಿ ಒಣಗಿ ಬಿರಿದಿತ್ತು.

"ಉಂಡ್ಯೇನೇ?" ಎಂದರು.

"ಉಂಡೆ. ನಿಮ್ಮೆದ್ರಿಗೇ ಉಂಡ್ನಲ್ಲಾ."

"ಊಂ" ಎಂದು ಕಣ್ಣು ಮುಚ್ಚಿದರು. ಆಮೇಲೆ ಅವರು ಮಾತಾಡಲಿಲ್ಲ. ಸಂಜೆ, ಚಂದ್ರ ದಿಬ್ಬದ ಮೇಲೆ ಏರುವ ಹೊತ್ತಿಗೆ ಹೋಗಿಬಿಟ್ಟರು.

ಅದಕ್ಕೆ ಮುಂಚೆ, ಅಕ್ಕ ವರಾಂಡದಲ್ಲಿ ಕೂತಿದ್ದಾಗ, ಬಾವನ ಜೊತೆಗಾರ ಊಟದ ಡಬ್ಬಿ ತಂದು ಅವಳ ಮುಂದೆ ಇಟ್ಟ. ಅಕ್ಕ ಯಾಕೋ ಮುಚ್ಚಳ ತೆಗೆದಳು. ಮುದ್ದೆ ಇಟ್ಟಂತೆಯೇ ಇತ್ತು. ಡೆಟಾಲಿನ ಆ ವರಾಂಡದ ತುಂಬ ಅವರೆಯ ಸೊಗಡು ಹರಡಿತು.

"ಉಂಡೇ ಇಲ್ಲ..." ಎಂದಳು.

ಜೊತೆಗಾರ ಗೋಡೆ ನೋಡುತ್ತ ಹೇಳಿದ: "ಉಣ್ತಿರ್ಲಿಲ್ಲ ಕಣಕ್ಕಾ. ಉಣ್ಣಿಮೆ ಬಂದ್ರೆ ಡಬ್ಬಿ ನಮ್ಗೇ ಕೊಟ್ಟುಬುಡೋನು. ನೀರೂ ಕುಡೀತಿರ್ಲಿಲ್ಲ. ಉಣ್ಣಿಮೆ ಬಂದ್ರೆ ನಮ್ಗೆ ಹಬ್ಬ ಕಣ್ಲಾ ಅಂತ ನಾವು ನಗಾಡ್ತಿದ್ವಿ. ಎಂಡ್ರು ಬ್ರತ ಈಗ ನಂದು, ಗಂಡ ಇಡೀಬೋದು ಅಂತ ಅಯ್ನೋರೇ ಯೇಳವ್ರೆ, ಅವ್ಳಿಗೆ ಎರಿಗೆ ಆಗೋಗಂಟ ನಾನಿಡ್ಕಂಡಿದ್ದೀನಿ ಅಂದಿದ್ದ. ಇವತ್ತು ಏಣಿ ಅತ್ತೋವಾಗ ಕಣ್ಣು ಕತ್ಲೆ ಬತ್ತದೆ ಅಂದ..."

ಪುರೋಹಿತರು ಹೇಳಿದ ಮಾತಿನಲ್ಲಿ ಬಾವ ಮನೆಗೆ ತಂದದ್ದು ಅರ್ಧ. ಬಸುರಿ ಉಪವಾಸ ಇರಬಾರದು ಎಂಬುದು ಒಂದರ್ಧ. ಅವಳ ಬದಲು ಗಂಡ ವ್ರತ ಹಿಡಿಯಬಹುದು ಎಂಬುದು ಇನ್ನೊಂದರ್ಧ. ಅದನ್ನು ಅವರು ಎದೆಯಲ್ಲೇ ಇಟ್ಟುಕೊಂಡು, ಬೆಂಕಿಯಂಥ ಸೆಕೆಯ ಆಳಕ್ಕೆ ಖಾಲಿ ಹೊಟ್ಟೆಯಲ್ಲಿ ಇಳಿದಿದ್ದರು. ಬಿದ್ದದ್ದು ಹಸಿವಿನಿಂದಲೋ, ಏಣಿಯಲ್ಲಿ ಕಾಲು ಜಾರಿಯೋ, ಡಾಕ್ಟರು ಖಚಿತವಾಗಿ ಹೇಳಲಿಲ್ಲ. ನನಗೂ ಇಂದಿನವರೆಗೆ ಗೊತ್ತಿಲ್ಲ. ಅಕ್ಕ ಉಣ್ಣಬೇಕಿತ್ತು ಎಂಬುದರಲ್ಲಿ ಮಾತ್ರ ನನಗೆ ಅಂದೂ ಅನುಮಾನವಿರಲಿಲ್ಲ, ಇಂದೂ ಇಲ್ಲ. ಆದರೂ ಆ ಡಬ್ಬಿ...

ಅಕ್ಕ ಅಳಲಿಲ್ಲ. ಮುಚ್ಚಳವನ್ನು ಮತ್ತೆ ಹಾಕಿ, ಒತ್ತಿ ಒತ್ತಿ ಕೂರಿಸಿದಳು. ಮುಚ್ಚಳಕ್ಕೆಲ್ಲ ಅರಿಶಿನವಾಯಿತು.

ಕಾಮನ ಹುಣ್ಣಿಮೆಯ ಆಸುಪಾಸಿನಲ್ಲಿ ಗಂಡುಮಗು ಹುಟ್ಟಿತು. ಅಕ್ಕನ ತಮ್ಮನಿಗೆ ಗಣಿಯಲ್ಲಿ ಕೆಲಸ ಸಿಕ್ಕಿ, ಅವನು ಬಂದು ಜೊತೆಗಿದ್ದುದರಿಂದ ಲೈನುಮನೆ ಉಳಿಯಿತು. ಹರಕೆಯ ಮಾತನ್ನು ಯಾರೂ ಎತ್ತಲಿಲ್ಲ. ಆದರೆ ಬಾಣಂತನ ಮುಗಿದ ಮೊದಲ ಹುಣ್ಣಿಮೆಯ ಬೆಳಿಗ್ಗೆ ಲೈನಿಗೆ ಲೈನೇ ದಂಗಾಯಿತು. ಅಕ್ಕ ಮಂಕರಿಯಲ್ಲಿ ಬಿಸಿ ಮುದ್ದೆ, ಪಾತ್ರೆಯಲ್ಲಿ ಸಾರು ಇಟ್ಟುಕೊಂಡು ಲೈನಿನ ಬಾಯಲ್ಲಿ ನಿಂತಿದ್ದಳು. ಬೋಳು ಹಣೆ, ಬರಿಗೈ. ಶಿಫ್ಟಿಗೆ ಹೊರಟ ಪ್ರತಿಯೊಬ್ಬನನ್ನೂ ಕೇಳುತ್ತಿದ್ದಳು: "ಉಂಡ್ರಾ?"

ಕೆಳಗೆ ಇಳಿಯುವವರಿಗೆ ಶಕುನ ದೊಡ್ಡದು. ಬೆಳಿಗ್ಗೆ ಎದುರಿಗೆ ಬೆಕ್ಕು ಬಂದರೂ ವಾಪಸಾಗಿ ಒಂದು ಗಳಿಗೆ ಕೂತು ಹೋಗುವವರು ಅವರು. ಗಂಡ ಸತ್ತವಳ ಮುಖವೆಂದರೆ ಕೇಳಬೇಕೇ? ಹಲವರು ಹಿಂದಿನ ಓಣಿಯಿಂದ ಸುತ್ತಿಕೊಂಡು ಹೋದರು. ಒಬ್ಬ ದೂರ ನಿಂತು ಕೂಗಿದ.

"ಇಳಿಯೋ ವೊತ್ನಾಗೆ ಇದೇನಮ್ಮಾ ಅಪಶಕುನ? ನಿನ್ ಗಂಡನ್ನ ತಿಂದಿದ್ದು ಸಾಲ್ದಾ?"

ಎದುರುಮನೆಯ ಬಾಗಿಲಿಂದ ಪಾಟಿ ಗುಡುಗಿದಳು: "ಡೇಯ್, ಒಳ್ಳೆ ಶಕುನ ನೋಡಿ ಇಳಿದೋರೆಲ್ಲ ಮೇಲೆ ಬಂದ್ರಾ? ಹೊಟ್ಟೆಗಾಕ್ತೀನಿ ಅನ್ನೋಳ್ನ ಬೈತೀಯಾ? ಬಾಯಲ್ಲಿ ಮಣ್ಣು ಬೀಳ!"

ಆ ದಿನ ಅಕ್ಕನ ತಮ್ಮನೊಬ್ಬನೇ ನಿಂತು ತಿಂದ. ಮುದ್ದೆ ಹಾಗೆಯೇ ಮನೆಗೆ ಬಂತು. ಮುಂದಿನ ಹುಣ್ಣಿಮೆಗೂ ಬಂತು. ಅಕ್ಕ ನಿಲ್ಲುವುದನ್ನು ಬಿಡಲಿಲ್ಲ. ನನ್ನ ಭಯ ಒಂದೇ: ಅವಳು ನಿಂತ ದಿನ ಕೆಳಗೆ ಏನಾದರೂ ಆದರೆ ಈ ಲೈನು ಅವಳನ್ನು ಬಿಟ್ಟೀತೇ? ಆ ಹುಣ್ಣಿಮೆಗಳಲ್ಲೆಲ್ಲ ಶಿಫ್ಟು ಮೇಲೆ ಬರುವ ತನಕ ನಾನು ವಾರ್ಡಿನ ಕಿಟಕಿಯಲ್ಲೇ ಕಣ್ಣಿಟ್ಟಿರುತ್ತಿದ್ದೆ. ದೇವರು ದೊಡ್ಡವನು, ಆ ದಿನಗಳಲ್ಲಿ ಕೆಳಗೆ ಏನೂ ಆಗಲಿಲ್ಲ. ಸೀಗೆ ಹುಣ್ಣಿಮೆಯ ಹೊತ್ತಿಗೆ ಬಾವನ ಜೊತೆಗಾರ ಬಂದು, ತಲೆ ತಗ್ಗಿಸಿ, "ಇಲ್ಲ ಕಣಕ್ಕಾ, ಉಂಡಿಲ್ಲ" ಎಂದು ಕೈಯೊಡ್ಡಿದ. ಅವನ ಹಿಂದೆ ಇನ್ನಿಬ್ಬರು ನಿಂತರು. ಓಣಿ ಸುತ್ತುವವರು ಕೊನೆಯವರೆಗೂ ಸುತ್ತಿದರು, ಅದು ಬೇರೆ ಮಾತು.

ಒಮ್ಮೆ, ಹೊಸ್ತಿಲ ಹುಣ್ಣಿಮೆಯ ಸಂಜೆ, ನಾವಿಬ್ಬರೂ ಅವರೆ ಬಿಡಿಸುತ್ತ ಕೂತಿದ್ದಾಗ ಕೇಳಿದೆ. "ಅಕ್ಕ, ಆ ವ್ರತ ಹಿಡಿದದ್ದೇ ತಪ್ಪಾಯಿತು ಅನ್ನಿಸುತ್ತದೆಯೇ?"

ಅವಳು ಮೊರದ ಸಿಪ್ಪೆಯನ್ನು ಒತ್ತಟ್ಟಿಗೆ ಸರಿಸಿದಳು.

"ಬ್ರತದಾಗೆ ಏನು ತಪ್ಪಮ್ಮಾ? ನಾನು ಅವ್ರಿಗೋಸ್ಕರ ಉಪ್ಪಾಸ ಇದ್ದೆ, ಅವ್ರು ನಂಗೋಸ್ಕರ ಇದ್ರು. ನಂಗ್ಯೇಳ್ದೆ ಇದ್ರು ನೋಡು, ಅದು ತಪ್ಪು. ಒಂದು ಮಾತು ಯೇಳಿದ್ರೆ, ಬ್ಯಾಡ, ಇಬ್ರೂ ಉಂಡ್ಬುಟ್ಟು ಚಂದ್ರನ್ಗೆ ಕೈ ಮುಗ್ಯಾಣ ಅಂತಿದ್ದೆ. ಅವ್ನೇನು ಬ್ಯಾಡ ಅಂತಿದ್ನಾ?"

ನನಗೆ ಬಂಗಾರಪೇಟೆಯ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಅಕ್ಕ ಮಗನನ್ನು ಕರೆದುಕೊಂಡು ತವರಿಗೆ ಹೋದಳಂತೆ. ಹೋಗಿ ನೋಡಬೇಕೆಂದುಕೊಂಡೆ, ಡ್ಯೂಟಿಯ ಮೇಲೆ ಡ್ಯೂಟಿ... ಅವಳು ತೀರಿಕೊಂಡ ಸುದ್ದಿ ತಿಥಿಯೆಲ್ಲ ಕಳೆದ ಮೇಲೆ, ಬಸ್ಸಿನಲ್ಲಿ ಸಿಕ್ಕ ಯಾರೋ ಹೇಳಿದರು. ಗಣಿ ಮುಚ್ಚಿತು. ನಮ್ಮ ಲೈನಿನ ತಗಡುಗಳು ಹಾರಿಹೋಗಿವೆ. ದಿಬ್ಬ ಮಾತ್ರ ಇದೆ. ಹುಣ್ಣಿಮೆಯ ಚಂದ್ರ ಈಗಲೂ ಅದರ ಹಿಂದಿನಿಂದಲೇ ಏಳುತ್ತಾನೆ.

ಇಂದು ಹೊಸ್ತಿಲ ಹುಣ್ಣಿಮೆ. ಅವರೆಕಾಯಿಯ ಹೆಂಗಸಿಗೆ ಕಾಫಿ ಕೊಡಹೋದೆ. ಸೆರಗಿನಿಂದ ಬೆವರು ಒರೆಸಿಕೊಂಡು, "ಬ್ಯಾಡ ಕಣಮ್ಮಾ, ಉಣ್ಣಿಮೆ. ಚಂದ್ರನ್ನ ನೋಡೋಗಂಟ ಏನೂ ಮುಟ್ಟಲ್ಲ" ಎಂದಳು. ಕೆಳಗೆ ಕೂತವಳು ಏಳುವಾಗ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅರಿಶಿನ ಬಳಿದ ಹೊಸ್ತಿಲು ನಮ್ಮಿಬ್ಬರ ನಡುವೆ ಇತ್ತು. ಉಪವಾಸ ಬಿಡು ಎನ್ನಲಿಲ್ಲ.

"ಮನೆಯಲ್ಲಿ ಹೇಳಿದ್ದೀಯೇನಮ್ಮ, ಇವತ್ತು ಉಪವಾಸ ಅಂತ?" ಎಂದು ಕೇಳಿದೆ.

ಅವಳು ನಕ್ಕಳು. "ಅದ್ನೇನು ಎಲ್ರಿಗೂ ಯೇಳ್ಕಂಡು ತಿರುಗ್ತಾರಾ?"

ನಾನು ಅವಳ ಬುಟ್ಟಿಯನ್ನು ಒಳಗೆ ಎಳೆದಿಟ್ಟುಕೊಂಡೆ. ಮೊದಲು ಕೂತುಕೋ, ಫೋನು ತಗೋ, ಮನೆಗೆ ಹೇಳು, ಆಮೇಲೆ ಬಸ್ಸು ಎಂದೆ. ಅವಳು ಕಣ್ಣರಳಿಸಿ ನನ್ನನ್ನು ನೋಡಿ, ನಂಬರು ಒತ್ತತೊಡಗಿದಳು. ನನ್ನ ಬೆರಳುಗಳಲ್ಲಿ ಸೊಗಡು ಇನ್ನೂ ಹಾಗೆಯೇ ಇತ್ತು.