ಅವಲಕ್ಕಿ ಅಕ್ಕ ಮತ್ತು ಮೇಲಿನ ಅಪ್ಪಣೆ

ಅವರ ಬಲ ಭುಜ ಎಡ ಭುಜಕ್ಕಿಂತ ಎತ್ತರವಿತ್ತು. ಗಂಡ ಸತ್ತಂದಿನಿಂದ ಒನಕೆ ಎತ್ತಿದ ಭುಜ ಅದು. ಹುಬ್ಬಿನ ಮೇಲೆ ಸದಾ ತೌಡಿನ ಪುಡಿ. ಕುಮಟೆಯಲ್ಲಿ ನಮ್ಮ ಪಕ್ಕದ ಮನೆಯವರು. ಊರಿಗೆಲ್ಲ ಅವಲಕ್ಕಿ ಅಕ್ಕ. ನಾನು ಅಲ್ಲಿನ ವಾರಪತ್ರಿಕೆಯೊಂದಕ್ಕೆ ಕೋರ್ಟು ಕಚೇರಿಗಳ ಸುದ್ದಿ ಬರೆಯುತ್ತಿದ್ದೆ. ಬೆಳಿಗ್ಗೆ ನನ್ನನ್ನು ಎಬ್ಬಿಸುತ್ತಿದ್ದುದು ಅವರ ಒನಕೆಯ ಸದ್ದು.

ಯಾರು ಮಾತಾಡಿಸಿದರೂ ಕುಟ್ಟುವುದು ನಿಲ್ಲುತ್ತಿರಲಿಲ್ಲ; ಉತ್ತರ ಏಟುಗಳ ನಡುವೆ ಬರುತ್ತಿತ್ತು. ಬಿಸಿ ಅವಲಕ್ಕಿಯ ಮೊದಲ ಹಿಡಿ ಬಾಗಿಲಿಗೆ ಬಂದವರಿಗೆ. "ತಿನ್ನು, ಹೊಗಳ್ಬೇಡ" ಅನ್ನುತ್ತಿದ್ದರು.

ಯುದ್ಧ ಮುಗಿದರೂ ರೇಶನ್ ಮುಗಿದಿರಲಿಲ್ಲ. ಅಘನಾಶಿನಿ ಕಡೆಯ ಗದ್ದೆಗಳಿಂದ ಭತ್ತ ತರಲು ಪರವಾನಗಿ ಬೇಕು. ಅದನ್ನು ಕೊಡುವ ಧಾನ್ಯದ ಸಾಹೇಬ ಪ್ರತಿ ಸಲ ಕೈ ಚಾಚುತ್ತಿದ್ದ. ಸ್ವಾತಂತ್ರ್ಯ ಬಂದ ಮರುವರ್ಷ ಅಕ್ಕ ಪೊಲೀಸರಲ್ಲಿಗೆ ಹೋದರು. ಪೊಲೀಸರು ಗುರುತು ಹಾಕಿ ಅಕ್ಕನ ಕೈಗೆ ಕೊಟ್ಟ ನೋಟು ಸಾಹೇಬನ ಜೇಬಿನಲ್ಲಿ ಸಿಕ್ಕಿತು. ಪತ್ರಿಕೆಯಲ್ಲಿ ನಾನೇ ಬರೆದೆ: 'ಅವಲಕ್ಕಿ ಕುಟ್ಟುವ ವಿಧವೆಯೊಬ್ಬಳು' ಎಂದು.

ಆದರೆ ಸರ್ಕಾರಿ ನೌಕರನ ಮೇಲೆ ಮೊಕದ್ದಮೆ ಹೂಡಲು ಮೇಲಿನವರ ಅಪ್ಪಣೆ ಬೇಕು. ಅದು ಬರುವ ತನಕ ಸಾಹೇಬ ಅದೇ ಕುರ್ಚಿಯಲ್ಲಿ, ಅಕ್ಕ ಅದೇ ಕುರ್ಚಿಯ ಮುಂದೆ.

ಒಮ್ಮೆ ನಾನೂ ಜೊತೆಗಿದ್ದೆ.

"ಬನ್ನಿ ಅಕ್ಕ, ನನ್ನ ಮೇಲೆ ಅಪ್ಪಣೆ ಬಂತೇ?" ಸಾಹೇಬ ನಕ್ಕ.

"ಇನ್ನೂ ಇಲ್ಲ. ನನ್ನ ಭತ್ತದ್ದು?"

"ಅದೂ ಮೇಲಿನಿಂದಲೇ ಬರಬೇಕಲ್ಲ."

ದಾರಿಯಲ್ಲಿ ಅಕ್ಕ ಕೇಳಿದರು: "ಲಂಚ ತಕಂಬೂಕೆ ಅವ ಯಾರ ಅಪ್ಪಣೆ ಕೇಳಿದ್ದ, ತಮಾ?"

ಸುಳ್ಳು ದೂರುಗಳಿಂದ ಪ್ರಾಮಾಣಿಕ ನೌಕರರನ್ನು ಕಾಯಲು ಆ ಕಾನೂನು ಎಂದೆ.

"ಹೌದಾ? ನನ್ನ ಕಾಯೂಕೆ ಎಂತ ಮಾಡಿದ್ರು?"

ಭತ್ತವಿಲ್ಲದೆ ಒನಕೆ ನಿಂತಿತು. ಅಕ್ಕ ಕಂಡವರ ಮನೆಯ ಪಾತ್ರೆ ತೊಳೆಯಲು ಹೊರಟರು. ದೂರು ಹಿಂದಕ್ಕೆ ತೆಗೆದುಕೊಂಡರೆ ನಾಳೆಯೇ ಭತ್ತ ಎಂದು ಸಾಹೇಬನ ಕಡೆಯವನೊಬ್ಬ ಬಂದು ಹೇಳಿದ. "ಕೋರ್ಟಲ್ಲಿ ನಂದೊಂದು ಮಾತು ಹೇಳೂದಿತ್ತು. ಅದಾದ್ಮೇಲೆ ಬಾ" ಎಂದು ಕಳಿಸಿದರು.

ದಿನಾ ಸಂಜೆ ಬೇಲಿಯಾಚೆಯಿಂದ ಕೇಳುತ್ತಿದ್ದರು: "ಎಂತ ಆತು, ತಮಾ?" ನಾನು ತಲೆ ಅಲ್ಲಾಡಿಸುತ್ತಿದ್ದೆ. ಮುಂದಿನ ಮಳೆಗಾಲದಲ್ಲಿ ಅಕ್ಕನಿಗೆ ಜ್ವರ ಹಿಡಿಯಿತು. ಮಲಗಿದಲ್ಲಿಂದಲೇ, "ಅಪ್ಪಣೆ ಬಂದ್ರೆ ಕರಿ, ನಿದ್ರೆಲಿದ್ರೂ ಕರಿ" ಎಂದರು. ಅವರು ಮತ್ತೆ ಏಳಲಿಲ್ಲ.

ಅಪ್ಪಣೆ ಅವರು ಹೋದ ಮೇಲೆ ಬಂತು. ಬಡ್ತಿ ಸಿಕ್ಕಿ ಭಟ್ಕಳಕ್ಕೆ ಹೋಗಿದ್ದ ಸಾಹೇಬ ಇಸ್ತ್ರಿ ಕೋಟು ಹಾಕಿಕೊಂಡು ಕೋರ್ಟಿಗೆ ಬಂದ. ಆ ನೋಟು, ತಾನು ಅಕ್ಕನಿಗೆ ಕೊಟ್ಟಿದ್ದ ಕೈಗಡ ವಾಪಸು ಬಂದದ್ದು ಎಂದ. ಅಲ್ಲ, ಲಂಚ ಕೇಳಿ ಇಸಕೊಂಡದ್ದು ಎನ್ನಬಲ್ಲವರು ಅಕ್ಕ ಒಬ್ಬರೇ. ಅವರು ಸತ್ತ ವರದಿ ಕೋರ್ಟಿಗೆ ಮುಟ್ಟಿರಲಿಲ್ಲ. ಜವಾನ ಬಾಗಿಲಲ್ಲಿ ನಿಂತು ಅವರ ಪೂರ್ತಿ ಹೆಸರು ಹಿಡಿದು ಮೂರು ಸಲ ಕೂಗಿದ. ಇಷ್ಟು ವರ್ಷ ಪಕ್ಕದಲ್ಲಿದ್ದ ನಾನು ಆ ಹೆಸರು ಕೇಳಿದ್ದು ಅಂದೇ.

ಪತ್ರಿಕೆಯವರ ಬೆಂಚಿನಿಂದ ಎದ್ದು, "ಅವರು ತೀರಿಕೊಂಡಿದ್ದಾರೆ" ಎಂದೆ.

ಸಾಹೇಬ ಬಿಡುಗಡೆಯಾಗಿ ಭಟ್ಕಳದ ಬಸ್ಸು ಹಿಡಿಯಲು ಹೊರಟ. ಬಾಗಿಲಲ್ಲಿ ಜವಾನ ಆಗಲೇ ಮುಂದಿನ ಹೆಸರು ಕೂಗುತ್ತಿದ್ದ.